ಹೊಳೆಗೆ ಬಿಟ್ಟ ಹಗ್ಗ

ಹೊಳೆ ಇಳಿದಿತ್ತು. ನಾತ ಇಳಿದಿರಲಿಲ್ಲ.

ಭೀಮಾ ಹೊಳೆಗೆ ಸಿಟ್ಟು ಬಂದರೆ ಮೊದಲು ನುಗ್ಗುವುದು ಬೌದ್ಧ ನಗರಕ್ಕೆ. ಹೆಸರು ನಗರ. ಕಮಾನಿಗೆ ನೀಲಿ ಬೋರ್ಡೂ ಇದೆ. ಊರವರ ಬಾಯಲ್ಲಿ ಮಾತ್ರ ಅದು ಇನ್ನೂ ಕೇರಿಯೇ. ದಿಬ್ಬವೆಲ್ಲ ಊರಿನದು, ತಗ್ಗೆಲ್ಲ ಕೇರಿಯದು. ಇದನ್ನು ಹೊಳೆ ಹಂಚಿದ್ದಲ್ಲ. ಈ ಸಲದ ನೀರು ಮಾಣಿಕಮ್ಮನ ಮನೆಯ ಗೋಡೆಗೆ ಎದೆಮಟ್ಟದ ಗೆರೆ ಎಳೆದು ಹೋಗಿತ್ತು. ಹಿಂದಿನ ಗೋಡೆ ಕುಸಿದಿತ್ತು. ಒಲೆ ಕರಗಿತ್ತು. ಜೋಳದ ಚೀಲದಲ್ಲಿ ಮೊಳಕೆ ಒಡೆದು ಹುಳಿ ವಾಸನೆ ಹೊಡೆಯುತ್ತಿತ್ತು. ಆ ಮನೆಯಲ್ಲಿ ಹೊಸದು ಅಂತ ಇದ್ದದ್ದು ಒಂದೇ, ಟ್ರಂಕಿನಲ್ಲಿದ್ದ ಬಿಳಿ ಸೀರೆ. ಅದರ ಮೇಲೂ ಗೋಡೆಯ ಮೇಲಿನಂಥದೇ ಗೆರೆ.

ಮಾಣಿಕಮ್ಮ ಆ ಸೀರೆ ಒಗೆಯುತ್ತ ಕೂತಿದ್ದಳು. ಬೋರಿನ ನೀರೇ ರಾಡಿ. ಸೋಡಾ ಹಾಕಿದಳು. ಲಿಂಬೆ ತಿಕ್ಕಿದಳು. ಕಲ್ಲಿಗೆ ಬಡಿದಳು. ಗೆರೆ ತೆಳ್ಳಗಾಯಿತು, ಹೋಗಲಿಲ್ಲ.

"ಊರಿಗೂರೇ ಹೊಳಿ ಪಾಲಾಗ್ಯಾದ, ಅಜ್ಜಿಗಿ ಅರಿವಿ ಚಿಂತಿ," ಎಂದು ಪಕ್ಕದ ಮನೆಯ ಪಂಚಶೀಲಾ ಕಾಡಿದಳು. ಅವಳೂ ತನ್ನ ಮನೆಯ ಕೆಸರನ್ನು ಪುಟ್ಟಿಯಲ್ಲಿ ತುಂಬಿ ಹೊರಗೆ ಚೆಲ್ಲುತ್ತಿದ್ದಳು. ಕೇರಿಯಲ್ಲಿ ಮೆಟ್ರಿಕ್ ಮುಗಿಸಿದ ಸೊಸೆ ಅವಳೊಬ್ಬಳೇ. ಬಾಯಿ ಜೋರು.

"ನಗಬ್ಯಾಡ ಬೇ. ಹೊಲಸು ಸೀರಿ ಉಟ್ಕೊಂಡು ಬುದ್ಧನ ಮುಂದ ಹ್ಯಾಂಗ ಕೂಡ್ಲಿ?"

"ಬುದ್ಧ ಸೀರಿ ನೋಡ್ತಾನೇನು ಅತ್ತಿ?"

"ಅಂವ ನೋಡಂಗಿಲ್ಲ. ನಾ ನೋಡ್ತೀನಲ್ಲ."

ದಸರೆಯ ದಿನ ಕೇರಿಯ ಹೆಂಗಸರೆಲ್ಲ ಕಲಬುರಗಿಯ ಬುದ್ಧ ವಿಹಾರಕ್ಕೆ ಹೋಗುವುದೆಂದು ಬೇಸಿಗೆಯಲ್ಲೇ ಮಾತಾಗಿತ್ತು. ಬಾಬಾಸಾಹೇಬರು ಧಮ್ಮ ತಗೊಂಡ ದಿನ ಅದು. ಬಿಳಿ ಉಟ್ಟು, ಜನಸಾಗರದ ನಡುವೆ ಕೂತು, ಅವರು ಹೇಳಿಕೊಟ್ಟ ಪ್ರತಿಜ್ಞೆ ಹೇಳುವುದು. ಮಧ್ಯಾಹ್ನ ರೊಟ್ಟಿ ಬುತ್ತಿ ಬಿಚ್ಚುವುದು. ಸಂಜೆ ಸೂಪರ್ ಮಾರ್ಕೆಟ್ಟಿನಲ್ಲಿ ಬಳೆ ಇಟ್ಟುಕೊಂಡು, ವಿಹಾರದ ಅಂಗಳದಲ್ಲೇ ಮಲಗಿ, ಮರುದಿನ ಊರು ಸೇರುವುದು. ಚೌಡಾಪುರದ ನದೀಮನ ಕ್ರೂಸರ್ ಗಾಡಿ ಹೇಳಿಯೂ ಆಗಿತ್ತು. ಹಬ್ಬಕ್ಕೆ ಭಾನುವಾರ ಕೂಡಿ ಈ ಸಲ ಸಾಲು ರಜೆ. ಹೊಲದ ಕೆಲಸ ತಪ್ಪುತ್ತದೆ ಎನ್ನುವ ಹೆದರಿಕೆಯೂ ಇರಲಿಲ್ಲ. ತೊಗರಿ, ಹತ್ತಿ ಎಲ್ಲ ನೀರಿನಡಿ ಕೊಳೆತು ಹೋಗಿದ್ದವು.

ನೀರು ಏರಿದಾಗ ಎಲ್ಲರೂ ಸರಕಾರಿ ಶಾಲೆ ಸೇರಿದ್ದರು. ಕೋಣೆಗಳು ಊರವರಿಗೆ. ಕೇರಿಗೆ ಪಾಯಖಾನೆಯ ಮಗ್ಗುಲಿನ ವರಾಂಡ. ಅನ್ನ ಕೊನೆಗೆ ಬರುತ್ತಿತ್ತು, ಬೇಳೆಯಿಲ್ಲದ ಸಾರಿನ ಜೊತೆ. ಆ ವರಾಂಡದಲ್ಲೇ, ಒದ್ದೆ ಗೋಣಿಯ ಮೇಲೆ ಕೂತು, ಹೆಂಗಸರು ಪ್ರಯಾಣದ ಲೆಕ್ಕ ಹಾಕಿದರು. ಕಿಟಕಿಯ ಹತ್ತಿರ ಯಾರು? ಗಾಡಿ ಹತ್ತಿದರೆ ವಾಂತಿಯಾಗುವವರು. ಚಟ್ನಿ ಯಾರು ತರಬೇಕು? ಯಾರ ಶೇಂಗಾ ನೆನೆಯದೆ ಉಳಿದಿದೆಯೋ ಅವರು. ಯಾರ ಶೇಂಗಾವೂ ಉಳಿದಿರಲಿಲ್ಲ. ಅದಕ್ಕೂ ನಕ್ಕರು.

"ಮನಿ ಹೋದವ್ರು ಸಹಲಿಗಿ ಹೊಂಟಾರ ನೋಡ್ರಿ," ಎಂದು ಒಳಗಿನ ಕೋಣೆಯಿಂದ ಯಾರೋ ಅಂದರು.

"ಮನಿ ಹೋದವ್ರೇ ಹೋಗ್ಬೇಕ್ರಿ," ಎಂದು ಪಂಚಶೀಲಾ ಕೂಗಿ ಹೇಳಿದಳು. "ಮನಿ ಇದ್ದವ್ರಿಗಿ ಅದನ್ನ ಕಾಯೂ ಕೆಲಸ ಇರ್ತದ."

ಮಾಣಿಕಮ್ಮ ನಗಲಿಲ್ಲ. ಅವಳಿಗೆ ಕಲಬುರಗಿ ಅಂದರೆ ದವಾಖಾನೆ. ಆ ಶಹರಕ್ಕೆ ಅವಳು ಹೋದದ್ದು ಗಂಡನನ್ನು ಹೊತ್ತುಕೊಂಡು, ಬಂದದ್ದು ಗಂಡನ ಹೆಣ ಹೊತ್ತುಕೊಂಡು. ವಾರ್ಡಿನ ನೆಲದ ಮೇಲೆ ಮಲಗಿ ಗಂಡ ಅಮೃತ ಅಂದಿದ್ದ: "ಇಲ್ಲಿಂದ ವಿಹಾರ ದೂರಿಲ್ಲ ಮಾಣಿಕಾ. ಆರಾಮಾದ ಕೂಡ್ಲೆ ಕರ್ಕೊಂಡು ಹೋಗ್ತೀನಿ. ಬಿಳಿ ಸೀರಿ ಉಟ್ಕೊ." ಅವನಿಗೆ ಆರಾಮಾಗಲಿಲ್ಲ. ಸೀರೆ ಕೊಂಡದ್ದು ಈಗ, ಹೋದ ಸುಗ್ಗಿಯಲ್ಲಿ ಹತ್ತಿ ಬಿಡಿಸಿದ ಕೂಲಿಯಲ್ಲಿ. ಸಾಯುವುದರೊಳಗೆ ಒಂದು ಸಲ ಆ ಶಹರಕ್ಕೆ ಕಣ್ಣೀರಿಲ್ಲದೆ ಹೋಗಬೇಕು, ಇದೊಂದೇ ಅವಳ ಆಸೆ. ಇದು ಬಾಳ ದೊಡ್ಡ ಆಸೆಯೇನೂ ಅಲ್ಲ. ಆದರೆ ಬಡವರ ಸಣ್ಣ ಆಸೆಯ ಮೇಲೆ ಕಾಲಿಡುವುದೇ ದೊಡ್ಡವರಿಗೆ ಸಸಾರ.

ಹಬ್ಬದ ಹಿಂದಿನ ದಿನ ಸಿದ್ದರಾಮೇಶ ಬೈಕಿನ ಮೇಲೆ ಬಂದ. ಪಂಚಾಯಿತಿ ಮೆಂಬರು, ಹಾಲಿನ ವ್ಯಾಪಾರದ ಸಾವುಕಾರ. ಕಮಾನಿನ ಹೊರಗೇ ನಿಂತ, ಒಳಗೆ ಕಾಲಿಡಲಿಲ್ಲ. ಮೂಗಿಗೆ ಕರವಸ್ತ್ರ.

"ಏ ಸೂರ್ಯಕಾಂತ! ಜೈಭೀಮ! ಗಂಡಸ್ರು ಯಾರದೀರಿ ಒಳಗ?"

ಸೂರ್ಯಕಾಂತ ಮಾಣಿಕಮ್ಮನ ಮಗ. ಜೈಭೀಮ ಪಂಚಶೀಲಾಳ ಗಂಡ. ಇಬ್ಬರೂ ಕೆಸರುಗೈಯಲ್ಲೇ ಹೊರಗೆ ಬಂದರು.

"ಅಗಸ್ಯಾಗ ನಮ್ಮ ಮುರ್ರಾ ತಳಿ ಎಮ್ಮಿ ಸತ್ತು ಬಿದ್ದದ. ಜೇಸಿಬಿ ಹಬ್ಬಾ ಆಗೂ ತನಕ ಬರಂಗಿಲ್ಲಂತ. ಸಾಹೇಬ್ರಿಗೆಲ್ಲ ರಜಾ. ಎಳದು ಹೊಳಿದಂಡಿಗಿ ಒಗೀರಿ. ನಾಳಿ ಹಬ್ಬ, ಊರು ಶುದ್ಧ ಆಗ್ಬೇಕು."

ಅಗಸಿ ಅಂದರೆ ಊರಿನ ಹೆಬ್ಬಾಗಿಲು. ಅದರಾಚೆಯ ತಗ್ಗಿನಲ್ಲಿ ಸಿದ್ದರಾಮೇಶನ ದನದ ಕೊಟ್ಟಿಗೆ. ನೀರು ಬರುತ್ತದೆಂದು ಡಂಗುರ ಸಾರಿದಾಗ ಅಲ್ಲಿನ ಹಾಲಿನ ಫ್ರಿಜ್ಜು ಟ್ರ್ಯಾಕ್ಟರ್ ಏರಿ ಅವನ ಮನೆಯ ಮೇಲಂತಸ್ತು ಸೇರಿತು. ಎಮ್ಮೆಯ ಕೊರಳ ಹಗ್ಗ ಬಿಚ್ಚಲು ಯಾರಿಗೂ ನೆನಪಾಗಲಿಲ್ಲ. ಕಟ್ಟಿದಲ್ಲೇ ಮುಳುಗಿ ಸತ್ತ ಎಮ್ಮೆ, ಗೂಟದ ಸಮೇತ ತೇಲಿ ಬಂದು ಅಗಸಿಯ ಬಾಯಿಗೆ ಬಿದ್ದಿತ್ತು. ಹೊಟ್ಟೆ ಉಬ್ಬಿ ಕಾಲು ಸೆಟೆದಿದ್ದವು.

"ನಾವು ದನಾ ಎಳ್ಯಾದು ಬಿಟ್ಟೇವ್ರಿ," ಎಂದಳು ಮಾಣಿಕಮ್ಮ, ಒಗೆಯುವ ಕಲ್ಲಿನ ಮೇಲಿಂದಲೇ.

"ನಿನ್ನ ಕೇಳಿಲ್ಲ."

"ಕೇಳದಿದ್ರೂ ಹೇಳ್ತೀನ್ರಿ. ಬಿಟ್ಟು ಬಾಳ ವರ್ಷಾತು."

"ಹಳೇ ಮಾತು ತೆಗೀಬ್ಯಾಡ. ಇದು ಆಪತ್ತು. ರೋಗಾ ಬಂದ್ರ ನಿಮ್ಗೂ ಬರ್ತದ. ಮನುಷ್ಯತ್ವ ಅಂಬೋದು ಒಂದು ಇರ್ತದಲ್ಲ?"

"ಆ ಮನುಷ್ಯತ್ವ ಊರಾಗ ಯಾರಿಗೂ ಇಲ್ಲೇನ್ರಿ? ಗುಡಿಕಟ್ಟಿ ಮ್ಯಾಲ ತೋಳು ಗಟ್ಟಿ ಇದ್ದ ಹುಡುಗ್ರು ಬೇಕಾದಷ್ಟು ಕೂತಾರ. ಎಮ್ಮಿ ಬದುಕಿದ್ದಾಗ ಹಾಲು ಕರಕೊಂಡವ್ರೇ, ಸತ್ತಾಗ ಎಳೀಲಿ."

ಸಿದ್ದರಾಮೇಶ ಕರವಸ್ತ್ರ ಕೆಳಗಿಳಿಸಿ ನಕ್ಕ. ಈ ಮಾತನ್ನು ಅವನು ಹಿಂದೊಮ್ಮೆ ಕೇಳಿದ್ದ. ಆಗ ಅದನ್ನು ಹೇಳಿದವನು ಅಮೃತ.

"ಛಲೋ. ನೀವು ಹಳ್ಳಾ ದಾಟೂ ಪೂಲು ನೀರಾಗ ಕೊಚ್ಚಿ ಹೋಗ್ಯಾದ. ಹೊರಗ ಹೋಗ್ಲಾಕ ಈಗ ಅಗಸಿ ಒಂದೇ ದಾರಿ. ಎಮ್ಮಿ ಅಲ್ಲಿ ಇರೂ ತನಕ ಕೇರಿಯವ್ರು ಒಬ್ರೂ ಅಗಸಿ ದಾಟಂಗಿಲ್ಲ. ಕಲಬುರ್ಗಿಗಿ ಹೊಂಟೀರಂತಲ್ಲ? ಹಾರಿ ಹೋಗ್ರಿ."

ಬೈಕು ತಿರುಗಿತು. ಸಂಜೆಯೊಳಗೆ ಅಗಸಿಯ ಕಟ್ಟೆಯ ಮೇಲೆ ಊರ ಹುಡುಗರು ಕೋಲು ಹಿಡಿದು ಕೂತರು. ಸತ್ತ ಎಮ್ಮೆಯ ನಾತದಲ್ಲಿ ಕೂತು ಕಾಯುವುದು ಅವರಿಗೆ ಕಷ್ಟವಾಗಲಿಲ್ಲ. ಅದನ್ನು ಮುಟ್ಟುವುದು ಮಾತ್ರ ಕಷ್ಟ.

ಪಂಚಶೀಲಾ ಪೊಲೀಸ್ ಠಾಣೆಗೆ, ತಾಲೂಕು ಕಚೇರಿಗೆ ಫೋನು ಹಚ್ಚಿದಳು. ಒಂದು ಕಡೆ ಯಾರೂ ಎತ್ತಲಿಲ್ಲ. ಇನ್ನೊಂದು ಕಡೆ ಎತ್ತಿದವರು ಹಬ್ಬ ಮುಗಿಯಲಿ, ಸೋಮವಾರ ನೋಡೋಣ ಅಂದರು. ಅಷ್ಟರಲ್ಲಿ ನದೀಮನದೇ ಫೋನು ಬಂತು.

"ಅಕ್ಕಾ, ಗಾಡಿ ತಯ್ಯಾರ ಅದ. ಆದ್ರ ಅಗಸಿಗಿ ಬಂದ್ರ ಗಾಡಿ ಒಡೀತೀವಂತ ನನಗ ಧಮ್ಕಿ ಹಾಕ್ಯಾರ. ಇದೊಂದೇ ಗಾಡಿ ಅದ ಅಕ್ಕಾ ನಂದು. ಮಕ್ಕಳು ಮರಿ ಅದಾವ. ದಾರಿ ಆದ್ರ ಒಂದು ಮಾತು ಹೇಳ್ರಿ, ಅರ್ಧಾ ತಾಸಿನ್ಯಾಗ ಬರ್ತೇನಿ."

ದಾರಿ ಆದರೆ. ಮಾಣಿಕಮ್ಮನಿಗೆ ಆ ದಾರಿಯ ದರ ಗೊತ್ತಿತ್ತು.

ಅವಳು ಆಳಂದ ತಾಲೂಕಿನ ಮಟಕಿಯಿಂದ ಈ ಊರಿಗೆ ಸೊಸೆಯಾಗಿ ಬಂದಾಗ ಕೈಯ ಅರಿಶಿಣ ಇಳಿಯುವ ಮೊದಲೇ ಹಗ್ಗ ಹಿಡಿದಳು. ಸತ್ತ ದನದ ಕಾಲು ಕಟ್ಟಬೇಕು. ನಡುವೆ ಬೊಂಬು ತೂರಿಸಬೇಕು. ಹೆಗಲು ಕೊಡಬೇಕು. ಹೆಜ್ಜೆ ಹಾಕಿದ ಹಾಗೆಲ್ಲ ದನದ ಬಾಯಿಂದ ನೀರು ಇಳಿಯುತ್ತದೆ. ಅದು ಕುತ್ತಿಗೆಯಿಂದ ಬೆನ್ನಿಗೆ ಹರಿಯುತ್ತದೆ. ಒರೆಸಿಕೊಳ್ಳಲು ಕೈ ಖಾಲಿ ಇರುವುದಿಲ್ಲ. ಊರೊಳಗೆ ಹಾಯುವಾಗ ಬಾಗಿಲು ಮುಚ್ಚಿಕೊಳ್ಳುತ್ತಾರೆ. ಮೈ ಎಷ್ಟು ತೊಳೆದರೂ ನಾತ ಕೂದಲ ಬುಡದಲ್ಲಿ ಕೂತಿರುತ್ತದೆ. ಮೂರು ತುಂಬಿದರೂ ಮೊಲೆ ಬಿಡದಿದ್ದ ಕೂಸು ಒಂದು ದಿನ ಮುಖ ಹೊರಳಿಸಿತ್ತು. ಆ ಕೂಸು ಸೂರ್ಯಕಾಂತ. ಅವತ್ತು ಅವಳು ಬಚ್ಚಲಲ್ಲಿ ಕೂತು ಬೂದಿ ಹಚ್ಚಿ ಎದೆ ತಿಕ್ಕಿಕೊಂಡಳು, ರಕ್ತ ಬರುವ ತನಕ.

ಅಮೃತ ಅದನ್ನು ನೋಡಿದ. ಆ ವರ್ಷದ ದಸರೆಗೆ ಧಮ್ಮ ತಗೊಂಡು ಬಂದವನೇ ಮನೆಯೊಳಗಿನ ಹಗ್ಗ ತೆಗೆದುಕೊಂಡು ಹೊಳೆಗೆ ನಡೆದ. ಕೇರಿಯೆಲ್ಲ ಹಿಂದೆ ಹೋಯಿತು. ಹೊಳೆ ತುಂಬಿ ಹರಿಯುತ್ತಿತ್ತು. ಹಗ್ಗ ಬೀಸಿ ನಡುನೀರಿಗೆ ಒಗೆದ. "ಇನ್ನ ನನ್ನ ಮಗನ ಹೆಗಲಿಗಿ ಇದು ಬರಂಗಿಲ್ಲ," ಅಂದ. ಊರು ಅವನಿಗೆ ಆ ಮಾತಿನ ಬಡ್ಡಿ ತೀರಿಸಿತು. ಅಗಸಿಯಲ್ಲೇ ಹಿಡಿದು ಹೊಡೆದರು. ಒಂದು ಸುಗ್ಗಿ ಪೂರ್ತಿ ಕೇರಿಗೆ ಕೂಲಿ ಇಲ್ಲ, ಹಿಟ್ಟಿನ ಗಿರಣಿ ಇಲ್ಲ, ಬೆಂಕಿಪೆಟ್ಟಿಗೆ ಇಲ್ಲ. ಅಮೃತನ ಪಕ್ಕೆಲುಬು ಸರಿಯಾಗಿ ಕೂಡಲೇ ಇಲ್ಲ. ಕೊನೆಗೆ ದವಾಖಾನೆಗೆ ಹೋದದ್ದೂ ಅದೇ ಪಕ್ಕೆ ಹಿಡಿದುಕೊಂಡು. ಬಡವನ ಸಿಟ್ಟು ದವಡೆಗೆ ಮೂಲ ಅಂತಾರೆ. ಅಮೃತ ದವಡೆ ಕೊಟ್ಟ, ಹಗ್ಗ ಹಿಡಿಯಲಿಲ್ಲ.

ಆ ಸಂಜೆ ಮಾಣಿಕಮ್ಮ ಆರಿದ ಸೀರೆಯನ್ನು ಮಡಚಿದಳು. ಕುಸಿದ ಗೋಡೆಗೆ ಕಟ್ಟಿದ ಪ್ಲಾಸ್ಟಿಕ್ ತಾಡಪತ್ರಿ ಗಾಳಿಗೆ ಬಡಿಯುತ್ತಿತ್ತು. ಸೂರ್ಯಕಾಂತ ಹೊಸ್ತಿಲಲ್ಲಿ ಕೂತು ಅವಳ ಕೈಯನ್ನೇ ನೋಡುತ್ತಿದ್ದ. ಚೌಡಾಪುರದಲ್ಲಿ ಲಾರಿಗೆ ಚೀಲ ಹೇರುವ ಹಮಾಲಿ ಅವನು. ಮಾತು ಕಮ್ಮಿ. ಅಪ್ಪನಿಗೆ ಹೊಡೆತ ಬಿದ್ದಾಗ ಅಲ್ಲೇ ಇದ್ದ ಮಗು. ಅವತ್ತಿನಿಂದ ದೊಡ್ಡ ದನಿಯ ಗಂಡಸರ ಮುಂದೆ ಅವನ ಕುತ್ತಿಗೆ ತಾನಾಗಿ ಬಾಗುತ್ತದೆ.

"ಹೋಗೂದಾಗಂಗಿಲ್ಲ ಬಿಡು," ಎಂದಳು ಮಾಣಿಕಮ್ಮ. "ಮುಂದಿನ ವರ್ಷ ಜೀಂವ ಇದ್ರ ನೋಡೂಣು."

"ಅಪ್ಪ ಕರ್ಕೊಂಡು ಹೋಗ್ತೀನಿ ಅಂದಿದ್ದನಲ್ಲ ಅವ್ವಾ?"

"ಅಂದಿದ್ದ. ಏನ್ ಮಾಡ್ತಿ?"

"ನೀ ಹೋಗ್ತಿ," ಎಂದ ಸೂರ್ಯಕಾಂತ. "ನಾಳಿ ನೀ ಹೋಗೇ ಹೋಗ್ತಿ."

ಮಗ ಸಮಾಧಾನ ಹೇಳುತ್ತಿದ್ದಾನೆ ಅಂದುಕೊಂಡಳು. ಹೇಗೆ ಎಂದು ಕೇಳಬೇಕಿತ್ತು. ಕೇಳಲಿಲ್ಲ.

ಬೆಳಗಾಗುತ್ತಲೇ ಕೇರಿಯಲ್ಲಿ ಹಾರನ್ನು ಕೇಳಿಸಿತು. ನದೀಮನ ಕ್ರೂಸರ್ ಕಮಾನಿನ ಕೆಳಗೆ ನಿಂತಿತ್ತು. "ಬರ್ರಿ ಅಕ್ಕಾ, ಜಲ್ದಿ ಬರ್ರಿ! ರಸ್ತಾ ಖುಲ್ಲಾ ಆಗ್ಯಾದ. ಎಮ್ಮಿ ಇಲ್ಲ, ಕೋಲು ಹಿಡದವ್ರೂ ಇಲ್ಲ!" ಹೆಂಗಸರು ಹುಚ್ಚೆದ್ದರು. ಜೇಸಿಬಿ ಬಂದಿರಬೇಕು ಅಂದಳು ಒಬ್ಬಳು. ಊರವರಿಗೇ ನಾಚಿಕೆಯಾಗಿರಬೇಕು ಅಂದಳು ಇನ್ನೊಬ್ಬಳು. ಮಾಣಿಕಮ್ಮ ಅವಸರದಲ್ಲಿ ಸೀರೆ ಸುತ್ತಿದಳು. ನೆರಿಗೆ ಕೂಡಲಿಲ್ಲ. ಗೆರೆ ಬಿದ್ದ ಭಾಗವನ್ನು ಒಳಮಗ್ಗುಲಿಗೆ ಮಾಡಿ ಉಟ್ಟಳು. ತಲೆ ಬಾಚಿದಳು. ಎಷ್ಟೋ ವರ್ಷಕ್ಕೆ ಕನ್ನಡಿ ನೋಡಿ ಒಂದು ಚೂರು ನಕ್ಕಳು.

ಆಗ ಸೂರ್ಯಕಾಂತ ಒಳಗೆ ಬಂದ. ತಲೆ ಒದ್ದೆ. ಒಗೆದ ಅಂಗಿ. ಮೈಯೆಲ್ಲ ಸಾಬೂನಿನ ಘಮ. ಹಬ್ಬಕ್ಕೆ ಜಳಕ ಮಾಡಿದ್ದಾನೆ ಅಂದುಕೊಂಡು ಮಾಣಿಕಮ್ಮ ಅವನ ತಲೆ ಒರೆಸಲು ಸೆರಗು ಎತ್ತಿದಳು. ಎತ್ತಿದ ಕೈ ಅಲ್ಲೇ ನಿಂತಿತು.

ಸಾಬೂನಿನ ಕೆಳಗೆ ಅದು ಇತ್ತು. ಕೂದಲ ಬುಡದಲ್ಲಿ. ಅವಳಿಗೆ ಅದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಅಂಗಿಯ ಕೊರಳಪಟ್ಟಿ ಸರಿಸಿದಳು. ಹೆಗಲ ಮೇಲೆ ಹಗ್ಗ ತಿಂದ ಕೆಂಪು ಬರೆ.

"ಸೂರ್ಯಾ."

"ಒಂದೇ ಸಲ ಅವ್ವಾ."

"ಯಾರ್ಯಾರು?"

"ನಾನು, ಜೈಭೀಮ. ಬೆಳಕು ಹರಿಯೂದ್ರಾಗ ಮುಗೀತು. ಕೇರ್ಯಾಗ ಯಾರೂ ನೋಡಿಲ್ಲ. ನದೀಮಗ ನಾನೇ ಫೋನ್ ಹಚ್ಚೀನಿ. ನಿನ್ನ ಸಲುವಾಗಿ ಅವ್ವಾ. ಅಪ್ಪ ಒಯ್ಯಲಿಲ್ಲ, ನಾನರೇ..."

"ಹಗ್ಗ ಯಾರು ಕೊಟ್ರು?"

"ಅವ್ರೇ. ಚಾನೂ ಕೊಟ್ರು. ಕಾಗದದ ಕಪ್ಪಿನ್ಯಾಗ. ಕಪ್ಪು ದೂರ ಒಗಿ ಅಂದ್ರು."

ಮಾಣಿಕಮ್ಮ ಮಗನ ಕೆನ್ನೆಗೆ ಹೊಡೆದಳು. ಆಮೇಲೆ ಅದೇ ಕೆನ್ನೆಯನ್ನು ಹಿಡಿದುಕೊಂಡು ಬಾಯಿ ಬಿಟ್ಟು ಅತ್ತಳು. ಊರು ಹೊಡೆದು ಮಾಡಿಸಲಾರದ್ದನ್ನು ಅವಳ ಆಸೆ ಮಾಡಿಸಿತ್ತು. ಸಿಟ್ಟು ಯಾರ ಮೇಲೆ ಮಾಡಬೇಕೆಂದು ಅವಳಿಗೆ ತಿಳಿಯಲಿಲ್ಲ. ಮಗನ ಪ್ರೀತಿಯ ಮೇಲೆ ಸಿಟ್ಟು ಮಾಡುವುದು ಹೇಗೆ? ಆದರೂ ಎದೆ ಉರಿಯುತ್ತಿತ್ತು, ಬೂದಿ ಹಚ್ಚಿ ತಿಕ್ಕಿಕೊಂಡ ದಿನ ಉರಿದ ಹಾಗೆ.

ಹೊರಗೆ ಪಂಚಶೀಲಾ ಕ್ರೂಸರಿನ ಬಾಗಿಲು ಹಿಡಿದು ನಿಂತಿದ್ದಳು. ಅವಳ ಮುಖ ನೋಡಿದರೇ ಗೊತ್ತಾಯಿತು, ಜೈಭೀಮನ ಮೈಯ ನಾತ ಅವಳಿಗೂ ಬಡಿದಿತ್ತು.

"ಹತ್ತು ಅತ್ತಿ," ಎಂದಳು. ದನಿಯಲ್ಲಿ ಎಂದಿನ ಜೋರು ಇರಲಿಲ್ಲ.

"ಯಾವ ಬಾಯಿಲೆ ಪ್ರತಿಜ್ಞಾ ಹೇಳ್ಲಿ ಬೇ?"

"ನಾ ಹೇಳ್ತೀನಿ. ಅಳಕೋತ ಹೇಳ್ತೀನಿ. ಹೋಗ್ಲಿಲ್ಲಂದ್ರ ಅವ್ರು ಎಳದದ್ದೂ ಹೋಯ್ತು, ನಾವು ಕಂಡ ಕನಸೂ ಹೋಯ್ತು. ಎರಡೂ ಯಾಕ ಕಳಕೊಳ್ಳೂಣು?"

ಅವಳ ಮಾತಿನಲ್ಲಿ ತಪ್ಪಿರಲಿಲ್ಲ. ಮಾಣಿಕಮ್ಮ ಅವಳ ತಲೆ ಸವರಿದಳು. "ನೀ ಹೋಗು ಯವ್ವಾ. ನನಗ ಆಗಂಗಿಲ್ಲ."

ನದೀಮ ಏನೂ ಅರ್ಥವಾಗದೆ ಒಮ್ಮೆ ಇವಳ ಮುಖ, ಒಮ್ಮೆ ಅವಳ ಮುಖ ನೋಡಿದ. ಕ್ರೂಸರ್ ಹೊರಟಿತು. ಬಿಳಿ ಸೀರೆಗಳು ತುಂಬಿದ ಗಾಡಿ ಅಗಸಿ ದಾಟುವುದನ್ನು ಮಾಣಿಕಮ್ಮ ನಿಂತು ನೋಡಿದಳು. ಕಿಟಕಿಯ ಹತ್ತಿರ ಒಂದು ಜಾಗ ಖಾಲಿ ಇತ್ತು.

ಆಮೇಲೆ ಅವಳು ಉಟ್ಟ ಸೀರೆಯಲ್ಲೇ ಹೊಳೆದಂಡೆಗೆ ನಡೆದಳು. ಸೂರ್ಯಕಾಂತ ಹಿಂದೆ ಓಡಿದ. "ಎಲ್ಲಿಗವ್ವಾ? ಅವ್ವಾ!" ಅವಳು ನಡೆಯುತ್ತಲೇ ಹೋದಳು. ಎಮ್ಮೆ ದಂಡೆಯ ಕೆಸರಿನಲ್ಲಿ ಬಿದ್ದಿತ್ತು. ಮೇಲೆ ಕಾಗೆ. ಕಾಲಿಗೆ ಕಟ್ಟಿದ ನೀಲಿ ನೈಲಾನ್ ಹಗ್ಗ ಹಾಗೇ ಇತ್ತು. ಮಾಣಿಕಮ್ಮ ಅದರ ತುದಿಯನ್ನು ಹೆಗಲಿಗೆ ಹಾಕಿಕೊಂಡಳು.

"ಎಲ್ಲಿಂದ ತಂದೀ, ಅಲ್ಲೇ ಒಯ್ದು ಒಗೀತೀನಿ. ಅಗಸ್ಯಾಗ. ಅವನ ಮನಿ ಮುಂದ."

ಎಳೆದಳು. ಎಮ್ಮೆ ಅಲುಗಲಿಲ್ಲ. ಹಲ್ಲು ಕಚ್ಚಿ ಎಳೆದಳು. ಹಳೆಯ ಹೆಗಲು ಹಳೆಯ ನೋವನ್ನು ಗುರುತು ಹಿಡಿಯಿತು. ಕಾಲು ಜಾರಿತು. ಮೊಣಕಾಲೂರಿ ಬಿದ್ದಳು. ಎದ್ದು ಮತ್ತೆ ಎಳೆದಳು. ಸತ್ತ ಎಮ್ಮೆಯ ಹೊಟ್ಟೆಯಿಂದ ಗಾಳಿ ಹೊರಟು ನಾತ ಮುಖಕ್ಕೆ ಬಡಿಯಿತು. ವಾಂತಿ ಬಂತು. ಬಾಯಿ ಒರೆಸಿಕೊಂಡು ಮತ್ತೆ ಎಳೆದಳು. ಬಿಳಿ ಸೀರೆ ಎಲ್ಲಿತ್ತು, ಕೆಸರು ಎಲ್ಲಿತ್ತು ಗೊತ್ತಾಗದಂತಾಯಿತು. ಸೂರ್ಯಕಾಂತ ಕೈಕಟ್ಟಿ ನಿಂತು ಅಳುತ್ತಿದ್ದ. ಕೊನೆಗೆ ತಡೆಯಲಾರದೆ ಅವನೂ ಬಂದು ಹಗ್ಗಕ್ಕೆ ಕೈ ಹಾಕಿದ. ತಾಯಿಮಗ ಇಬ್ಬರೂ ಎಳೆದರು. ಎಮ್ಮೆ ಒಂದು ಮಾರು ಸರಿಯಿತು.

ಮೇಲೆ ಬೈಕಿನ ಸದ್ದು. ಸಿದ್ದರಾಮೇಶ ಹೊಸ ಬಟ್ಟೆ ಹಾಕಿಕೊಂಡು ಹೊರಟಿದ್ದ. ಬೈಕು ನಿಲ್ಲಿಸಿ ಕೆಳಗೆ ನೋಡಿದ. ಬಿಳಿ ಸೀರೆಯ ಮುದುಕಿ, ಹೆಗಲ ಮೇಲೆ ಹಗ್ಗ, ಹಿಂದೆ ಎಮ್ಮೆ. ಅವನಿಗೆ ಅದರಲ್ಲಿ ಹೊಸದೇನೂ ಕಾಣಲಿಲ್ಲ.

"ನೀನೂ ಕೈ ಹಚ್ಚೀಯಲ್ಲ ಮಾಣಿಕಮ್ಮ, ಛಲೋ ಮಾಡ್ದಿ," ಎಂದು ಕೂಗಿದ. "ಇನ್ನಷ್ಟು ಕೆಳಗ ಒಯ್ರಿ, ಊರಿಗಿ ವಾಸನಿ ಬರ್ಬಾರ್ದು. ಏ ಸೂರ್ಯಾ, ಹಳ್ಳದಾಗ ನಮ್ಮ ಕಾಕಾರ ಆಕಳು ಒಂದು ಸಿಕ್ಕೊಂಡದ. ಸಂಜೀ ಒಳಗ ಅದನ್ನೂ ಮುಗಸು. ಸಂಜಿಕ ಬನ್ನಿ ಕೊಡ್ಲಾಕ ಬರ್ರಿ, ಬಂಗಾರದಂಗ ಇರೂಣು."

ಮಾಣಿಕಮ್ಮ ಬಾಯಿ ತೆರೆದಳು. ಎಳೆದೆಳೆದು ಉಸಿರು ಮೇಲೆ ಹತ್ತಿತ್ತು, ದನಿ ಹೊರಡಲಿಲ್ಲ. ಅಷ್ಟರಲ್ಲಿ ಪಕ್ಕದಿಂದ ಉತ್ತರ ಬಂತು.

"ಆಯ್ತ್ರಿ," ಎಂದ ಸೂರ್ಯಕಾಂತ.

ಕುತ್ತಿಗೆ ಬಾಗಿಸಿ ಅಂದಿದ್ದ. ಯೋಚನೆ ಮಾಡಿ ಅಂದದ್ದಲ್ಲ. ಬಾಯಿಂದ ತಾನಾಗಿ ಬಂದದ್ದು. ಅಂದ ಮೇಲೆ ಅವನಿಗೇ ತಿಳಿದು ಅವ್ವನ ಮುಖ ನೋಡಲಾರದೆ ನಿಂತ. ಬೈಕು ಹೊರಟು ಹೋಯಿತು.

ಮಾಣಿಕಮ್ಮ ಬಾಗಿ ಎಮ್ಮೆಯ ಕಾಲಿನ ಗಂಟು ಬಿಚ್ಚಿದಳು. ನೆನೆದ ನೈಲಾನು ಬಿಗಿದಿತ್ತು. ಉಗುರು ಕಿತ್ತು ರಕ್ತ ಬಂತು. ಬಿಚ್ಚಿದಳು. ಹಗ್ಗ ಸುತ್ತಿ ಕೈಯಲ್ಲಿ ಹಿಡಿದು, ಅಮೃತ ನಿಂತಿದ್ದ ಜಾಗದಲ್ಲೇ ನಿಂತು, ಇದ್ದಬದ್ದ ಶಕ್ತಿಯೆಲ್ಲ ಕೂಡಿಸಿ ಹೊಳೆಗೆ ಬೀಸಿ ಒಗೆದಳು.

ಅವತ್ತು ಹೊಳೆ ತುಂಬಿತ್ತು. ಇವತ್ತು ಇಳಿದಿತ್ತು. ನೀರು ದೂರ ಸರಿದು ನಡುವೆ ಬರೀ ಕೆಸರು ಬಿದ್ದಿತ್ತು. ಹಗ್ಗ ಆ ಕೆಸರಿನ ಮೇಲೆ ಬಿತ್ತು. ಮುಳುಗಲಿಲ್ಲ. ನೀಲಿಯಾಗಿ ಕಾಣುತ್ತ ಬಿದ್ದಿತ್ತು, ಯಾರು ಬೇಕಾದರೂ ಹೋಗಿ ಎತ್ತಿಕೊಳ್ಳುವ ಹಾಗೆ.

"ಬ್ಯಾಡವ್ವಾ, ಕಾಲು ಹುಗೀತಾವ," ಎಂದ ಸೂರ್ಯಕಾಂತ.

ಮಾಣಿಕಮ್ಮ ಸೀರೆ ಎತ್ತಿ ಕಟ್ಟಿ ಕೆಸರಿಗೆ ಇಳಿದಳು. ಮೊಣಕಾಲ ಮಟ ಹುಗಿದಳು. ಒಂದು ಕಾಲು ಕಿತ್ತು ಇಟ್ಟಳು, ಇನ್ನೊಂದು ಕಾಲು ಕಿತ್ತು ಇಟ್ಟಳು. ಹಗ್ಗ ಕೈಗೆ ಸಿಕ್ಕಿತು. ಅದನ್ನು ಹಿಡಿದುಕೊಂಡು ತಲೆ ಎತ್ತಿ ನೋಡಿದಳು. ಹೊಳೆ ಇನ್ನೂ ದೂರವಿತ್ತು.